ಪ್ರತಿಕ್ರಿಯೆ: ಕೌಜುಗದ ಗರಿ ಉದುರೋದು ಹುಳದಿಂದ
ಸರ್, ಚಿತ್ರದುರ್ಗದ ಅಜ್ಜನ ಮನೆಯಲ್ಲಿ ಸಿಕ್ಕ ಸ್ಟಫ್ ಮಾಡಿದ ಕೌಜುಗದ ಗರಿ ಉದುರ್ತಿದೆ, ಪೀಠದ ಮೇಲೆ ಕಂದು ಪೊರೆ ಬಿದ್ದಿದೆ ಅಂದಿರಿ. ಅಕ್ಕಿಕಾಳಿನಷ್ಟಿರೋ ಆ ರೋಮದ ಪೊರೆ ಚರ್ಮ ತಿನ್ನೋ ಡರ್ಮೆಸ್ಟಿಡ್ ಹುಳದ್ದು. ಬಿಸಿಲಿಗಿಟ್ಟರೆ ಹುಳ ಸಾಯೋದು ಅನುಮಾನ, ಬಣ್ಣ ಹೋಗೋದು ಗ್ಯಾರಂಟಿ. ಹಳೇ ಸ್ಟಫ್ ಹಕ್ಕಿಯಲ್ಲಿ ಆರ್ಸೆನಿಕ್ ಅನ್ನೋ ವಿಷ ಇರಬಹುದು. ಕೈಗವಸು, ಎನ್95 ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಬಾಯಲ್ಲಿ ಊದಲೇಬೇಡಿ. ಪಾಲಿಥಿನ್ ಚೀಲದಲ್ಲಿ ಸೀಲ್ ಮಾಡಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ (ಅಡುಗೆಮನೆಯದ್ದು ಬೇಡ). ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಗರಿ ಮೇಲೆ ನೀರು ಕಟ್ಟಿ ಬೂಷ್ಟು ಹಿಡಿಯುತ್ತೆ. ಆಮೇಲೆ ಮೆತ್ತನೆ ಬ್ರಷ್, ತಲೆಯಿಂದ ಬಾಲದ ಕಡೆಗೆ ಮಾತ್ರ. ಬಿಗಿಯಾದ ಗಾಜಿನ ಪೆಟ್ಟಿಗೆ ಮಾಡಿಸಿ. ಅಂದಹಾಗೆ, 1972ರ ವನ್ಯಜೀವಿ ಕಾಯ್ದೆ ಇದೆ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಮಾರೋ ಯೋಚನೆ ಬಿಡಿ.