ಅಂಚೆಯಲ್ಲಿ ಪತ್ತೇದಾರಿ ಕಾದಂಬರಿ ಕಳಿಸುವ ಕ್ಲಬ್‌ನಲ್ಲಿ ಮುಂದುವರಿಯಬೇಕಾ, ಬಿಡಬೇಕಾ?

ನೀವು ಯಾದಗಿರಿಯವರು. ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಅಂಚೆಯಲ್ಲಿ ಕಳಿಸುವ ಕ್ಲಬ್ ಸೇರಿ ಒಂದು ವರ್ಷವಾಯಿತು, ಇನ್ನೊಂದು ವರ್ಷ ಇರಲೋ ಬಿಡಲೋ ಅಂತ ಕೇಳಿದ್ದೀರಿ. ನಾನು ಕಲಬುರಗಿಯ ಶಹಾಬಜಾರಿನವನು. ಇಂಥದೇ ಒಂದು ಕ್ಲಬ್‌ನಲ್ಲಿ 2019ರಿಂದ ನಾಲ್ಕು ವರ್ಷ ಇದ್ದೆ, ಆಮೇಲೆ ಬಿಟ್ಟೆ. ಆದರೆ ಅದೇ ಕ್ಲಬ್ಬಿನ ಪುಸ್ತಕ ಈಗಲೂ ಓದುತ್ತೇನೆ.

ಮೊದಲು ದುಡ್ಡಿನ ವಿಷಯ. ಸೇರುವಾಗ ಮೂರು ಪುಸ್ತಕ 99 ರೂಪಾಯಿಗೆ ಕೊಟ್ಟರು. ಖುಷಿಯೋ ಖುಷಿ. ಆಮೇಲೆ ವರ್ಷಕ್ಕೆ ಕನಿಷ್ಠ ಆರು ಕೊಳ್ಳಲೇಬೇಕು ಅನ್ನುವ ಕರಾರು. 200 ರೂಪಾಯಿ ಮುಖಬೆಲೆಯ ಪುಸ್ತಕ ಸದಸ್ಯರಿಗೆ 150, ಅಂಚೆ ವೆಚ್ಚ 45. ಪಾರ್ಸೆಲ್ ಬರುತ್ತಿದ್ದದ್ದು ವಿಪಿಪಿಯಲ್ಲಿ, ಅಂದರೆ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಅಂಚೆಯಲ್ಲಿ. ಹಾಗೆ ಬಿಡಿಸಿಕೊಳ್ಳುವಾಗ ಕೈಯಿಂದ ಹೋಗುತ್ತಿದ್ದದ್ದು 195. 2020ರ ಫೆಬ್ರವರಿಯಲ್ಲಿ ನಮ್ಮೂರಿನ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿನ ಮಳಿಗೆಯೊಂದರಲ್ಲಿ ಅದೇ ಪುಸ್ತಕ ಶೇಕಡಾ 10 ರಿಯಾಯಿತಿಯಲ್ಲಿ 180ಕ್ಕೆ ಸಿಕ್ಕಿತು. ಧೂಳಿನಲ್ಲಿ ನಿಂತುಕೊಂಡೇ ಲೆಕ್ಕ ಹಾಕಿದೆ. ರೂಪಾಯಿಗೆ ನಾಲ್ಕಾಣೆ ರಿಯಾಯಿತಿ ಅಂತ ಕ್ಲಬ್ಬಿನವರು ಹೇಳಿದ್ದು, ಅಂಚೆಗೆ ಹೋಗಿ ಉಳಿದದ್ದು ಐದು ರೂಪಾಯಿ! ಆದ್ದರಿಂದ ಅಗ್ಗ ಅನ್ನುವ ಕಾರಣಕ್ಕೆ ಮುಂದುವರಿಯುತ್ತಿದ್ದರೆ ಇವತ್ತೇ ಬಿಡಿ.

ಇನ್ನೊಂದು, ಇಂಥ ಕ್ಲಬ್ ನಡೆಯುವುದೇ ನಮ್ಮ ಮರೆವಿನ ಮೇಲೆ. ಮುಂದಿನ ತಿಂಗಳ ಪುಸ್ತಕ ಇದು ಅಂತ ಒಂದು ಚೀಟಿ ಬರುತ್ತದೆ. ಬೇಡ ಅಂತ ಹತ್ತನೇ ತಾರೀಖಿನೊಳಗೆ ಹೇಳದಿದ್ದರೆ ಬೇಕು ಅಂತಲೇ ಅರ್ಥ. ಇದು ಇಲ್ಲಿ ಹುಟ್ಟಿದ ಜಾಣತನ ಅಲ್ಲ. ಅಮೆರಿಕದಲ್ಲಿ ತಿಂಗಳಿಗೊಂದು ಪುಸ್ತಕದ ಕ್ಲಬ್ 1926ರಲ್ಲೇ ಶುರುವಾಯಿತು, ಬರೀ ವೈಜ್ಞಾನಿಕ ಕಾದಂಬರಿಗಳದ್ದೇ ಒಂದು 1953ರಲ್ಲಿ ಬಂತು. ಸುಮ್ಮನಿದ್ದರೆ ಒಪ್ಪಿಗೆ ಅನ್ನುವ ಈ ವ್ಯವಹಾರಕ್ಕೆ ಅಲ್ಲಿನ ಸರ್ಕಾರ 1973ರಲ್ಲಿ ನಿಯಮ ಮಾಡಿ, ಬೇಡ ಅನ್ನಲು ಸದಸ್ಯರಿಗೆ ಕನಿಷ್ಠ ಹತ್ತು ದಿನ ಕೊಡಲೇಬೇಕು ಅಂತ ಹೇಳಬೇಕಾಯಿತು. ನಮ್ಮಲ್ಲೂ ಆನ್‌ಲೈನಿನಲ್ಲಿ ಸೇರಿಸಿಕೊಂಡು, ಬಿಡುವ ದಾರಿಯನ್ನೇ ಕಷ್ಟ ಮಾಡುವುದನ್ನು 2023ರ ಗ್ರಾಹಕ ಮಾರ್ಗಸೂಚಿಗಳು ತಪ್ಪು ಅಂತಲೇ ಹೇಳಿವೆ. ನಿಮ್ಮವರು ಬಿಡಲು ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನನಗಂತೂ ಅಷ್ಟು ತೊಂದರೆ ಆಗಲಿಲ್ಲ, ಮರೆತದ್ದು ನಾನೇ. ನಾಲ್ಕು ವರ್ಷದಲ್ಲಿ 41 ಪುಸ್ತಕ ಬಂದವು, ಓದಿ ಮುಗಿಸಿದ್ದು 26. ಉಳಿದವುಗಳ ಮೇಲೆ ನನ್ನ ಹೆಂಡತಿ ಹಪ್ಪಳದ ಡಬ್ಬಿ ಇಟ್ಟಿದ್ದಳು.

ಹಾಗಾದರೆ ನಾಲ್ಕು ವರ್ಷ ಯಾಕೆ ಇದ್ದೆ? ಇಲ್ಲಿನ ಅಂಗಡಿಗಳಲ್ಲಿ ವಚನ ಸಾಹಿತ್ಯ ಬೇಕಾದಷ್ಟು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಅದಕ್ಕಿಂತ ಜಾಸ್ತಿ. ಹೊಸ ಪತ್ತೇದಾರಿ ಕಾದಂಬರಿ ಕೇಳಿದರೆ ಮೂಲೆಯ ಒಂದು ಸಾಲು ತೋರಿಸುತ್ತಿದ್ದರು. ನಾನಾಗಿ ಎಂದೂ ಎತ್ತಿಕೊಳ್ಳದ ಪುಸ್ತಕಗಳನ್ನು ಓದಿದ್ದು ಕ್ಲಬ್ಬಿನಿಂದಲೇ. ಮೇ ತಿಂಗಳ 42 ಡಿಗ್ರಿಯಲ್ಲಿ ಮಧ್ಯಾಹ್ನ ಕೂಲರ್ ಮುಂದೆ ಕೂತು ಹೊಸ ಪಾರ್ಸೆಲ್ಲಿನ ಅಂಟುಪಟ್ಟಿ ಕೀಳುವ ಸುಖವೇ ಬೇರೆ ಬಿಡಿ.

ಆದರೆ ಕ್ಲಬ್ಬಿನ ಪ್ರತಿ ಅಂದರೆ ತೆಳು ಕಾಗದ, ಅವಸರದ ಹೊಲಿಗೆ. ಒಂದು ಸಲ ರಾತ್ರಿ ಹನ್ನೊಂದಕ್ಕೆ ಓದುತ್ತಿದ್ದೇನೆ, 96ನೇ ಪುಟದಲ್ಲಿ ಇನ್ಸ್‌ಪೆಕ್ಟರ್ ಬಾವಿಯ ಹಗ್ಗ ಎಳೆಯುತ್ತಿದ್ದಾನೆ. ಪುಟ ತಿರುಗಿಸಿದರೆ ಮತ್ತೆ 81! ಹದಿನಾರು ಪುಟದ ಒಂದು ಫಾರಂ ಎರಡು ಸಲ ಸೇರಿ, 97ರಿಂದ 112ರವರೆಗಿನದು ಬಿಟ್ಟುಹೋಗಿತ್ತು. 113ರಲ್ಲಿ ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ, ಹಗ್ಗದ ತುದಿಗೆ ಏನಿತ್ತು ಅಂತ ಯಾರೂ ಬಾಯಿ ಬಿಡುವುದಿಲ್ಲ. ಕ್ಲಬ್ಬಿಗೆ ಪತ್ರ ಬರೆದೆ. ಎರಡು ತಿಂಗಳಾದ ಮೇಲೆ ಬದಲಿ ಪ್ರತಿಯ ಬದಲು ಬೇರೆಯದೇ ಪುಸ್ತಕ ಬಂತು, ಅದೂ ವಿಪಿಪಿಯಲ್ಲಿ.

ಅದನ್ನು ವಾಪಸ್ ಕಳಿಸುವಾಗ ಪೋಸ್ಟ್‌ಮ್ಯಾನ್ ಹತ್ತಿರ ಗೋಳು ತೋಡಿಕೊಂಡೆ. ಅವನು ನಕ್ಕು, “ಇಂಥವೇ ಪಾರ್ಸೆಲ್ ಹಿಂದಿನ ಓಣ್ಯಾಗ ಮಾಸ್ತರಿಗೂ ಬರ್ತಾವ್ರಿ, ಅವರನ್ನ ಕೇಳ್ರಲ್ಲ” ಅಂದ. ಹೋದೆ. ನಿವೃತ್ತ ಗಣಿತದ ಮಾಸ್ತರು, ಬರೀ ಬನಿಯನ್ ಹಾಕಿಕೊಂಡು ಕೂತು ತೊಗರಿ ಆರಿಸುತ್ತಿದ್ದರು. ಅವರ ಪ್ರತಿಯಲ್ಲಿ ಹದಿನಾರೂ ಪುಟ ಇದ್ದವು. “ಇಲ್ಲೇ ಕೂತು ಓದ್ರಿ, ಚಾ ಮಾಡಸ್ತೀನಿ” ಅಂದರು. ಹಗ್ಗದ ತುದಿಗೆ ಬರೀ ಒಡೆದ ಕೊಡ ಇತ್ತು. ಇಷ್ಟಕ್ಕಾ ಎರಡು ತಿಂಗಳು ಒದ್ದಾಡಿದ್ದು ಅನ್ನಿಸಿತು.

ಅದಾದ ಮೇಲೆ ನನ್ನ ಸದಸ್ಯತ್ವ ಬಿಟ್ಟೆ. ಆ ವರ್ಷದ ಆರು ಪುಸ್ತಕ ಮುಗಿಸಿದ್ದೆನಾದ್ದರಿಂದ ಅವರು ತಕರಾರು ಮಾಡಲಿಲ್ಲ. ಇದನ್ನು ನೀವೂ ನೋಡಿಕೊಳ್ಳಿ, ಕರಾರಿನ ಲೆಕ್ಕ ಮುಗಿಯದೆ ಬಿಟ್ಟರೆ ಕಿರಿಕಿರಿ. ಈಗ ಮಾಸ್ತರ ಹೆಸರಿನ ಒಂದೇ ಸದಸ್ಯತ್ವ ಇಬ್ಬರಿಗೂ. ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ದರವನ್ನು 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ತೆಗೆದುಹಾಕಿತು. ಅಂಚೆ ವೆಚ್ಚ 70 ಆಗಿದೆ. ಒಟ್ಟು 220, ತಲಾ 110. ಚೀಟಿ ಬಂದ ದಿನವೇ ಬೇಕೋ ಬೇಡವೋ ಅಂತ ಮಾಸ್ತರು ಫೋನ್ ಮಾಡುತ್ತಾರೆ, ಹೀಗಾಗಿ ಮರೆವಿನ ಕಂತು ನಿಂತಿದೆ. ಮೊದಲು ಅವರು ಓದುತ್ತಾರೆ. ಕೊಲೆಗಾರ ಯಾರು ಅಂತ ತಮಗೆ ಹೊಳೆದ ಪುಟದ ಸಂಖ್ಯೆಯನ್ನು ಕೊನೆಯ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ, ಅದರ ಕೆಳಗೆ ನಾನು ನನ್ನದು. ಇಲ್ಲಿವರೆಗೆ ಅವರನ್ನು ಸೋಲಿಸಿದ್ದು ಮೂರೇ ಸಲ.

ನಿಮ್ಮ ಕಪಾಟಿನಲ್ಲಿ ಬಿಚ್ಚದ ಪಾರ್ಸೆಲ್ ಎಷ್ಟಿವೆ ಅಂತ ಎಣಿಸಿ ನೋಡಿ. ಮೂರಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಹೆಸರಿನಲ್ಲಿ ಇನ್ನೊಂದು ವರ್ಷ ಬೇಡ. ಆದರೆ ಬಿಡುವ ಪತ್ರ ಹಾಕುವ ಮುಂಚೆ ನಿಮ್ಮ ಪೋಸ್ಟ್‌ಮ್ಯಾನ್‌ನನ್ನು ಒಂದು ಮಾತು ಕೇಳಿ, ಯಾದಗಿರಿಯಲ್ಲಿ ಇಂಥ ಪಾರ್ಸೆಲ್ ಇನ್ಯಾರಿಗೆ ಬರುತ್ತದೆ ಅಂತ.