ಓದುಗರ ಪ್ರಶ್ನೆ: ಅಳಿವೆಯಲ್ಲಿ ಗಾಳ ಎಳೆಯುವಾಗ

ಪ್ರಶ್ನೆ: ನಮ್ಮದು ಇಬ್ಬರು ಕೂರುವ ದೋಣಿ, 2 ಎಚ್‌ಪಿ ಎಂಜಿನ್. ಉಡುಪಿ ಬಳಿಯ ಕೋಡಿ ಬೆಂಗ್ರೆಯ ಒಳಗಡೆ ಸ್ವರ್ಣಾ ನದಿಯಲ್ಲಿ 6 ಸೆಂ.ಮೀ. ಪ್ಲಾಸ್ಟಿಕ್ ಮೀನು ಕಟ್ಟಿ ದೋಣಿಯ ಹಿಂದೆ ಎಳೆಯುತ್ತೇವೆ. ಮೊಬೈಲ್ ನೋಡಿಕೊಂಡು ವೇಗವನ್ನು ಗಂಟೆಗೆ 5 ಕಿ.ಮೀ.ಗೇ ಇಡುತ್ತೇವೆ. ಒಂದು ದಿಕ್ಕಿನಲ್ಲಿ ಹೋಗುವಾಗ ಕೆಂಬೇರಿ ಮೀನು ಕಚ್ಚುತ್ತದೆ, ವಾಪಸು ಬರುವಾಗ ಸುಳಿವೇ ಇಲ್ಲ. ಯಾಕೆ?

ಉತ್ತರ: ಮೊಬೈಲ್ ತೋರಿಸುವುದು ನೆಲದ ಲೆಕ್ಕದ ವೇಗ. ಗಾಳಕ್ಕೆ ಬೇಕಾದದ್ದು ನೀರಿನ ಲೆಕ್ಕದ್ದು. ಉಬ್ಬರದ ಸೆಳೆತ ಗಂಟೆಗೆ 2 ಕಿ.ಮೀ. ಇದ್ದರೆ, ಸೆಳೆತದ ಜೊತೆ ಹೋಗುವಾಗ ನಿಮ್ಮ ಗಾಳ ನೀರಿನಲ್ಲಿ ಓಡುವುದು ಬರೀ 3 ಕಿ.ಮೀ., ಎದುರು ಹೋಗುವಾಗ 7. ಮೂರಕ್ಕೆ ಪ್ಲಾಸ್ಟಿಕ್ ಮೀನು ಸರಿಯಾಗಿ ಬಾಲ ಆಡಿಸದೆ ಇರಬಹುದು, ಏಳಕ್ಕೆ ಪಕ್ಕಕ್ಕೆ ಮಗುಚಿ ಮೇಲೆ ಬರಬಹುದು.

ಹಾಗಾಗಿ ಪ್ರತಿ ಸಲ ದಿಕ್ಕು ಬದಲಿಸಿದಾಗಲೂ ಅದನ್ನು ದೋಣಿಯ ಪಕ್ಕದಲ್ಲೇ ಒಂದು ಮಾರು ದಾರದಲ್ಲಿ ಬಿಟ್ಟು ನೋಡಿ. ನೆಟ್ಟಗೆ ಓಡುತ್ತ ಒಂದೇ ಸಮ ನಡುಗಬೇಕು. ಆಮೇಲೆ ರಾಡಿನ ತುದಿ ನೋಡುತ್ತಿದ್ದರೆ ಸಾಕು. ತುದಿ ಬಿಡದೆ ಅದುರುತ್ತಿದ್ದರೆ ವೇಗ ಸರಿ. ಅದುರಿ, ನಿಂತು, ಮತ್ತೆ ಅದುರಿದರೆ ವೇಗ ಜಾಸ್ತಿ. ಅದುರುವುದು ಪೂರಾ ನಿಂತರೆ ಕೊಕ್ಕೆಗೆ ಎಲೆಯೋ ಪ್ಲಾಸ್ಟಿಕ್ ಚೂರೋ ಸಿಕ್ಕಿದೆ, ಎಳೆದು ತೆಗೆಯಿರಿ. ಇಳಿತದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ದಾರಕ್ಕೆ 12 ಮತ್ತು 16 ಮಾರಿಗೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ. ಎರಡು ರಾಡ್ ಇದ್ದರೆ ಒಂದನ್ನು 12ಕ್ಕೆ, ಇನ್ನೊಂದನ್ನು 16ಕ್ಕೆ ಬಿಡಿ. ಒಂದೇ ಉದ್ದಕ್ಕೆ ಬಿಟ್ಟರೆ ತಿರುಗುವಾಗ ಸುತ್ತಿಕೊಳ್ಳುತ್ತವೆ. ತಿರುವನ್ನು ಅಗಲವಾಗಿ ತೆಗೆದುಕೊಳ್ಳಿ. ತಿರುವಿನಲ್ಲಿ ಒಳಬದಿಯ ಗಾಳ ನಿಧಾನವಾಗುತ್ತದೆ, ಹೊರಬದಿಯದು ಜೋರಾಗುತ್ತದೆ. ಯಾವುದಕ್ಕೆ ಕಚ್ಚಿತೋ ಅತ್ತ ವೇಗ ಬದಲಿಸಿ. ನಡು ನದಿ ಬಿಟ್ಟು ಕಾಂಡ್ಲ ಗಿಡಗಳ ಅಂಚು, ಸೇತುವೆಯ ಕಂಬ, ಆಳ ಇಳಿಯುವ ಜಾಗ ಹಿಡಿಯಿರಿ. ಅಲ್ಲಿ ತೇಲುವ ಜಾತಿಯ ಪ್ಲಾಸ್ಟಿಕ್ ಮೀನೇ ಒಳ್ಳೆಯದು: ದೋಣಿ ನಿಂತರೆ ತಾನಾಗಿ ಮೇಲೆ ಬರುತ್ತದೆ, ಕಲ್ಲಿಗೆ ಸಿಕ್ಕುವುದು ಕಡಿಮೆ.

ಪ್ರಶ್ನೆ: ಕೆಂಬೇರಿ ಕಚ್ಚಿದ ಕೂಡಲೇ ಎಂಜಿನ್ ನಿಲ್ಲಿಸುತ್ತೇವೆ. ಆದರೂ ಹತ್ತು ಪೌಂಡಿನ ದಾರ ತುಂಡಾಗುತ್ತದೆ.

ಉತ್ತರ: ನಿಲ್ಲಿಸುವುದೇ ತೊಂದರೆ. ದಾರ ಸಡಿಲವಾದ ಕ್ಷಣಕ್ಕೆ ಕೆಂಬೇರಿ ಕಲ್ಲಿನ ಸಂದಿಗೆ ನುಗ್ಗುತ್ತದೆ, ಅಲ್ಲಿನ ಪಚ್ಚಿಲೆ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕಚ್ಚಿದ ಮೇಲೂ ಕೆಲವು ಸೆಕೆಂಡ್ ಎಂಜಿನ್ ಓಡಲಿ, ದೋಣಿಯ ಮೂತಿ ಆಳದ ಕಡೆ ತಿರುಗಿಸಿ. ಮೀನು ಕಲ್ಲಿನಿಂದ ದೂರ ಬಂದ ಮೇಲೆ ನ್ಯೂಟ್ರಲ್.

ರೀಲಿನ ಬಿಗಿ ಅಂದಾಜಿಗೆ ಬಿಡಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಿರಿ. ಹತ್ತು ಪೌಂಡ್ ಅಂದರೆ ಸುಮಾರು 4.5 ಕಿಲೋ, ಅದರ ಮೂರನೇ ಒಂದು ಪಾಲಿಗೆ, ಅಂದರೆ 1.5 ಕಿಲೋಗೆ ರೀಲ್ ದಾರ ಬಿಡಬೇಕು. ತುದಿಗೆ 20 ಪೌಂಡಿನ ಒಂದು ಮೀಟರ್ ತಂಗೂಸಿ (ನೈಲಾನ್ ಎಳೆ) ಸೇರಿಸಿ, ನಡುವೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಇರಲಿ, ದಾರ ತಿರುಚಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಮೀನಿನ ಮೂತಿಗೇ ಭಾರದ ಸ್ವಿವೆಲ್ ಕಟ್ಟಿದರೆ ಅದರ ಓಟ ಕೆಡುತ್ತದೆ, ಅಲ್ಲಿ ಸಡಿಲ ಕುಣಿಕೆ ಸಾಕು. ಪ್ರತಿ ಮೀನಿನ ನಂತರ ತಂಗೂಸಿಯ ಮೇಲೆ ಉಗುರು ಎಳೆದು ನೋಡಿ. ತರಿ ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಪ್ರಶ್ನೆ: ಅಂಗೈಯಷ್ಟು ಉದ್ದದ ಕೆಂಬೇರಿ ಬಂದರೆ ಇಟ್ಟುಕೊಳ್ಳಬಹುದೇ?

ಉತ್ತರ: ಬಿಟ್ಟುಬಿಡಿ. ಕೆಂಬೇರಿ ಮರಿಗಳು ಬೆಳೆಯುವುದು ಅಳಿವೆಯಲ್ಲಿ, ದೊಡ್ಡದಾಗಿ ಮೊಟ್ಟೆ ಇಡುವುದು ಸಮುದ್ರಕ್ಕೆ ಹೋದ ಮೇಲೆ. ಮರಿ ಕಚ್ಚುವ ಜಾಗವಾದರೆ ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಮೊದಲೇ ಒತ್ತಿಬಿಡಿ, ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಸಾಧ್ಯವಾದರೆ ನೀರಿನಲ್ಲೇ ಬಿಡಿಸಿ.