ಓಡುವ ಕ್ವಾರ್ಟರ್‌ಬ್ಯಾಕ್ ಯಾವುದರಲ್ಲಿ ಕಡಿಮೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಡೇಮನ್ ಆಲನ್ ಅವರನ್ನು ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಕೆನಡಿಯನ್ ಫುಟ್‌ಬಾಲ್‌ನ ಅತಿ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ಗಳ (ಆಕ್ರಮಣವನ್ನು ನಡೆಸುವ, ಚೆಂಡು ಎಸೆಯುವ ಆಟಗಾರರ) ಸಾಲಿನಲ್ಲಿ ಇರಿಸಿದ್ದನ್ನು ಆಕ್ಷೇಪಿಸಿ ಟೊರಾಂಟೊದಿಂದ ತಾವು ಬರೆದ ಪತ್ರ ತಲುಪಿತು. ಎಸೆಯಲು ದಾರಿ ಕಾಣದವನೇ ಚೆಂಡನ್ನು ಅವುಚಿಕೊಂಡು ಓಡುತ್ತಾನೆ ಎಂಬುದು ತಮ್ಮ ಮೊದಲ ಮಾತು. ಆಲನ್ ಅವರ ದಾಖಲೆಗಳು ಬಹಳ ವರ್ಷ ಆಡಿದ್ದರ ಫಲವಷ್ಟೇ ಎಂಬುದು ಎರಡನೆಯದು. ಆಕ್ಷೇಪ ಗಂಭೀರವಾಗಿರುವುದರಿಂದ ಉತ್ತರವೂ ತುಸು ದೀರ್ಘವಾಗಿದೆ.

ಮೊದಲು ಮೈದಾನವನ್ನು ಗಮನಿಸಬೇಕು. ಆಲನ್ ಆಡಿದ ಮೈದಾನ 110 ಗಜ ಉದ್ದ, 65 ಗಜ ಅಗಲ. ಅಮೆರಿಕದ ಮೈದಾನದ ಅಗಲ 53 ಗಜಕ್ಕಿಂತ ಸ್ವಲ್ಪವೇ ಹೆಚ್ಚು. ಹತ್ತು ಗಜ ಮುಂದೆ ಸಾಗಲು ಅಮೆರಿಕದಲ್ಲಿ ನಾಲ್ಕು ಡೌನ್‌ಗಳು, ಅಂದರೆ ಅವಕಾಶಗಳು, ಇದ್ದರೆ ಕೆನಡಾದಲ್ಲಿ ಮೂರೇ ಇವೆ, ಮೂರನೆಯದರಲ್ಲಿ ತಂಡಗಳು ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವುದರಿಂದ ಕೈಯಲ್ಲಿ ಉಳಿಯುವುದು ಎರಡು. ಎರಡನೆಯ ಡೌನ್‌ನಲ್ಲಿ ಏಳೆಂಟು ಗಜ ಬೇಕಾದಾಗ ಎದುರಾಳಿಗಳು ಪಾಸ್ (ಮುಂದಕ್ಕೆ ಎಸೆತ) ಬರುವುದೆಂದು ಊಹಿಸಿ ಹಿಂದೆ ಸರಿಯುತ್ತಾರೆ, ಅನೇಕರು ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ಗಳ ಬೆನ್ನು ಹತ್ತಿ ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನು ತೋರಿಸಿರುತ್ತಾರೆ, ಅಗಲವಾದ ಮೈದಾನದ ಎರಡೂ ಅಂಚುಗಳು ಖಾಲಿ ಬಿದ್ದಿರುತ್ತವೆ. ಆ ಖಾಲಿ ಜಾಗವನ್ನು ಅರೆಕ್ಷಣದಲ್ಲಿ ಕಂಡು, ಎಸೆಯುವುದಕ್ಕಿಂತ ಓಡುವುದು ಲಾಭವೆಂದು ನಿರ್ಧರಿಸುವುದು ಎದುರಾಳಿಯ ವ್ಯೂಹವನ್ನು ಓದಬಲ್ಲವನ ಕೆಲಸ. ಅದನ್ನು ಎಸೆತದ ಸೋಲು ಎಂದು ಎಣಿಸಲು ನನಗೆ ಸಾಧ್ಯವಿಲ್ಲ. ಅಂಥ ಒಬ್ಬ ಆಟಗಾರನಿಗಾಗಿ ಒಬ್ಬ ರಕ್ಷಕನನ್ನು ಸದಾ ಕಾವಲಿಡಬೇಕಾಗಿ ಬಂದರೆ ಪಾಸ್ ತಡೆಯಲು ಒಬ್ಬ ಕಡಿಮೆಯಾಗುತ್ತಾನೆ. ಓಡುವ ಬೆದರಿಕೆಯೇ ಎಸೆತಕ್ಕೆ ದಾರಿ ತೆರೆಯುವುದು ಹೀಗೆ.

‘ಓಡುವವನು ನಿಜವಾದ ಕ್ವಾರ್ಟರ್‌ಬ್ಯಾಕ್ ಅಲ್ಲ’ ಎಂಬ ಮಾತಿಗೆ ಒಂದು ನೋವಿನ ಇತಿಹಾಸವಿದೆ. 1970–80ರ ದಶಕಗಳ ಅಮೆರಿಕದಲ್ಲಿ ಕಪ್ಪು ಜನಾಂಗದ ಕ್ವಾರ್ಟರ್‌ಬ್ಯಾಕ್‌ಗಳಿಗೆ ರಿಸೀವರ್ ಆಗು, ಎಸೆತ ತಡೆಯುವ ಡಿಫೆನ್ಸಿವ್ ಬ್ಯಾಕ್ ಆಗು ಎಂದು ಹೇಳುವುದೇ ರೂಢಿಯಾಗಿತ್ತು. ಕಾಲೇಜಿನಲ್ಲಿ ಆಡಿದ 35 ಪಂದ್ಯಗಳನ್ನೂ ಗೆದ್ದಿದ್ದ ಚಕ್ ಈಲಿ ಅವರನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಯಾವ ತಂಡವೂ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರ ವಾರ್ಷಿಕ ಆಯ್ಕೆಯಲ್ಲಿ, ಆರಿಸಲಿಲ್ಲ. ಅವರು ಕೆನಡಾದ ಹ್ಯಾಮಿಲ್ಟನ್‌ಗೆ ಬಂದು 1972ರಲ್ಲಿ, ತಮ್ಮ ಮೊದಲ ವರ್ಷದಲ್ಲೇ, ಕೆನಡಾದ ಲೀಗಿನ ಅಂತಿಮ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದರು. 1978ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದ ವಾರನ್ ಮೂನ್ ಎಡ್ಮಂಟನ್ ತಂಡದೊಡನೆ ಸತತ ಐದು ಗ್ರೇ ಕಪ್‌ಗಳನ್ನು ಗೆದ್ದು 1984ರಲ್ಲಿ ಎನ್‌ಎಫ್‌ಎಲ್‌ನ ಹ್ಯೂಸ್ಟನ್‌ಗೆ ಹೋದರು. ಮರುವರ್ಷ ಅದೇ ಎಡ್ಮಂಟನ್‌ಗೆ ಬಂದವರು ಆಲನ್. ತಾವು ಆ ಅರ್ಥದಲ್ಲಿ ಬರೆದಿಲ್ಲವೆಂದು ನನಗೆ ಖಾತ್ರಿಯಿದೆ, ಆದರೂ ಆ ಮಾತು ಎಲ್ಲಿಂದ ಬಂತೆಂಬುದನ್ನು ನಮ್ಮ ಓದುಗರು ತಿಳಿದಿರಬೇಕು.

1987ರ ಗ್ರೇ ಕಪ್ ಫೈನಲ್‌ನಲ್ಲಿ ಎಡ್ಮಂಟನ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಡನಿಗನ್ ಗಾಯಗೊಂಡಾಗ ಬದಲಿಯಾಗಿ ಇಳಿದ ಆಲನ್, ಹಿಂದೆ ಬಿದ್ದಿದ್ದ ಎಡ್ಮಂಟನ್ ತಂಡವನ್ನು ಟೊರಾಂಟೊ ವಿರುದ್ಧ 38–36ರ ಗೆಲುವಿಗೆ ತಂದರು. 1993ರಲ್ಲಿ ಅದೇ ತಂಡಕ್ಕೆ ಮರಳಿ ಮತ್ತೊಂದು ಕಪ್ ಗೆದ್ದರು. ನಡುವೆ ಒಟ್ಟಾವ, ಹ್ಯಾಮಿಲ್ಟನ್, ಆಮೇಲೆ ಒಂದು ವರ್ಷ ಮೆಂಫಿಸ್. 2000ದಲ್ಲಿ ಅವರ ಬಿ.ಸಿ. ಲಯನ್ಸ್ ಲೀಗ್ ಹಂತದಲ್ಲಿ ಎಂಟು ಗೆದ್ದು ಹತ್ತು ಸೋತಿದ್ದರೂ ಫೈನಲ್‌ನಲ್ಲಿ ಮಾಂಟ್ರಿಯಲ್ ತಂಡವನ್ನು 28–26ರಿಂದ ಸೋಲಿಸಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು 2004. ಆಗ ಅವರಿಗೆ 41 ವರ್ಷ. ಕಾಲಿನ ಗಾಯದಿಂದ ಆ ಋತುವಿನ ಹಲವು ವಾರ ಹೊರಗೆ ಕುಳಿತಿದ್ದವರು ಫೈನಲ್‌ನಲ್ಲಿ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಗಳಿಸುವ ಅಂಕ) ಎಸೆದು, ಎರಡನ್ನು ತಾವೇ ಓಡಿ ಗಳಿಸಿ, ತಮ್ಮ ಹಳೆಯ ತಂಡವಾದ ಬಿ.ಸಿ. ಲಯನ್ಸ್ ವಿರುದ್ಧ ಟೊರಾಂಟೊವನ್ನು 27–19ರಿಂದ ಗೆಲ್ಲಿಸಿದರು. ಮರುವರ್ಷ 5,000 ಗಜಕ್ಕೂ ಹೆಚ್ಚು ಎಸೆದು, 42ನೆಯ ವಯಸ್ಸಿನಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು.

ಇನ್ನು ತಮ್ಮ ಎರಡನೆಯ ಮಾತು. 23 ಋತುಗಳಲ್ಲಿ 72,381 ಗಜಗಳ ಪಾಸ್, 394 ಟಚ್‌ಡೌನ್ ಪಾಸ್‌ಗಳು. ಓಟದಲ್ಲಿ 11,920 ಗಜ, 93 ಟಚ್‌ಡೌನ್. ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 56 ಎಂದು ತಾವು ತೋರಿಸಿರುವುದು ಸರಿ, ನಿಖರತೆಯಲ್ಲಿ ಮಾಂಟ್ರಿಯಲ್‌ನ ಕ್ವಾರ್ಟರ್‌ಬ್ಯಾಕ್ ಆಂಥನಿ ಕಾಲ್ವಿಯೋ ಅವರೇ ಆಲನ್‌ಗಿಂತ ಮೇಲು ಎಂಬುದನ್ನೂ ನಾನು ನಿರಾಕರಿಸುವುದಿಲ್ಲ. ಆದರೆ ಓಡುವ ಕ್ವಾರ್ಟರ್‌ಬ್ಯಾಕ್ ಬೇಗ ಮುರಿದುಬೀಳುತ್ತಾನೆಂದು ಎಲ್ಲರೂ ನಂಬಿರುವಾಗ, ಓಡುತ್ತಲೇ 2007ರವರೆಗೆ ಆಡಿದ್ದನ್ನು ಕೇವಲ ಕಾಲಗಣನೆ ಎಂದು ತಳ್ಳಿಹಾಕುವುದು ಹೇಗೆ? ಯಾವಾಗ ಜಾರಿ ಕುಳಿತುಬಿಡಬೇಕು, ಯಾವಾಗ ಗೆರೆಯಾಚೆ ಹೆಜ್ಜೆ ಇಡಬೇಕು, ಯಾವ ಒಂದು ಗಜಕ್ಕಾಗಿ ಪೆಟ್ಟು ತಿನ್ನಬಾರದು ಎಂಬ ವಿವೇಕವಿಲ್ಲದೆ ಅಷ್ಟು ವರ್ಷ ಉಳಿಯಲು ಆಗದು.

ಅವರ ಪಾಸ್ ದಾಖಲೆಯನ್ನು 2011ರಲ್ಲಿ ಕಾಲ್ವಿಯೋ ದಾಟಿದರು. ಓಟದ ದಾಖಲೆಯಲ್ಲಿ ಆಲನ್ ಅವರ ನಂತರದ ಕ್ವಾರ್ಟರ್‌ಬ್ಯಾಕ್ ಟ್ರೇಸಿ ಹ್ಯಾಮ್ ನಿಂತಿರುವುದು 8,043 ಗಜಗಳಲ್ಲಿ. ಈ ಕಾರಣಗಳಿಂದ ಆಲನ್ ಅವರ ಹೆಸರನ್ನು ಆ ಸಾಲಿನಿಂದ ತೆಗೆಯಲು ನಾನು ಸಿದ್ಧನಿಲ್ಲ.

— ಸಂಪಾದಕ